ಬಿಟ್ಟ ಮೂರನೇ ದಿನ

“ಕುಡೀತಿದ್ದಾಗಲೇ ಚೆನ್ನಾಗಿದ್ದೆ. ಬಿಟ್ಟ ಮೇಲೇ ಶುರುವಾಯ್ತು ನೋಡಿ ಈ ರಗಳೆಯೆಲ್ಲ.” ದಿನಾ ಸಂಜೆ ಕ್ವಾರ್ಟರ್‌ಗೆ ಒಗ್ಗಿಹೋದವರು ನೈಂಟಿಗೆ ಇಳಿಸಿದಾಗ, ಇಲ್ಲವೇ ಒಮ್ಮೆಲೇ ನಿಲ್ಲಿಸಿದಾಗ ಹೇಳುವ ಮಾತಿದು. ಅವರು ಸುಳ್ಳು ಹೇಳುತ್ತಿಲ್ಲ. ಕೈ ನಡುಗುತ್ತದೆ, ಮೈ ಬೆವರುತ್ತದೆ, ಹೊಟ್ಟೆ ತೊಳಸುತ್ತದೆ, ಎದೆ ಡವಗುಟ್ಟುತ್ತದೆ, ರಾತ್ರಿಯಿಡೀ ಕಣ್ಣು ಹತ್ತುವುದಿಲ್ಲ. ಆಮೇಲೆ ಒಂದು ಗುಟುಕು ಹಾಕಿದರೆ ಸ್ವಲ್ಪ ಹೊತ್ತಿನಲ್ಲಿ ಎಲ್ಲ ಶಾಂತ. ಅಲ್ಲಿಗೆ ತೀರ್ಮಾನವಾಗಿಬಿಡುತ್ತದೆ: ನನ್ನ ಮೈಗೆ ಇದು ಬೇಕೇ ಬೇಕು.

ಸುತ್ತಲಿನವರ ತೀರ್ಮಾನ ಇನ್ನೂ ಕಠೋರ. ಮನಸ್ಸು ಗಟ್ಟಿಯಿಲ್ಲ, ನಾಟಕ ಆಡ್ತಾನೆ, ಬಿಡೋ ಮನಸ್ಸೇ ಇಲ್ಲ ಅವನಿಗೆ. ಇವೆರಡೂ ತಪ್ಪು ತೀರ್ಮಾನಗಳು. ಬಿಟ್ಟವನ ನಡುಕ ಒಂದು ಕಾಯಿಲೆ. ಅದಕ್ಕೆ ಹೆಸರಿದೆ, ಅವಧಿಯಿದೆ, ಔಷಧವಿದೆ. ಗೊತ್ತಿಲ್ಲದೆ ನಿರ್ಲಕ್ಷಿಸಿದರೆ ಸಾವೂ ಇದೆ.

ಮಿದುಳನ್ನು ತಣ್ಣಗಿಡುವ ಗಾಬಾ ಎಂಬ ರಾಸಾಯನಿಕ ನಮ್ಮೆಲ್ಲರ ತಲೆಯಲ್ಲೂ ಇದೆ. ಕೆರಳಿಸುವ ಗ್ಲುಟಮೇಟ್ ಕೂಡ ಇದೆ. ಮದ್ಯ ಮೊದಲನೆಯದಕ್ಕೆ ಬಲ ಕೊಡುತ್ತದೆ, ಎರಡನೆಯದನ್ನು ಅದುಮುತ್ತದೆ. ದಿನವೂ ಹೀಗಾದರೆ ಮಿದುಳು ತನ್ನ ಸಮತೋಲಕ್ಕಾಗಿ ವಿರುದ್ಧ ದಿಕ್ಕಿಗೆ ಎಳೆಯತೊಡಗುತ್ತದೆ. ಹಗ್ಗಜಗ್ಗಾಟದಲ್ಲಿ ಒಂದು ಕಡೆಯವರು ಏಕಾಏಕಿ ಕೈಬಿಟ್ಟರೆ ಇನ್ನೊಂದು ಕಡೆಯವರು ಹಿಂದಕ್ಕೆ ಉರುಳಿಬೀಳುತ್ತಾರಲ್ಲ, ದಿನಗುಡುಕ ದಿಢೀರನೆ ನಿಲ್ಲಿಸಿದಾಗ ಆಗುವುದು ಅದೇ. ಕೊನೆಯ ಗುಟುಕಿನ ನಂತರ ಆರೆಂಟು ಗಂಟೆಗೆ ನಡುಕ ಶುರುವಾಗಬಹುದು. ಮೊದಲ ಎರಡು ದಿನಗಳಲ್ಲಿ ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡರಿಂದ ನಾಲ್ಕನೇ ದಿನದೊಳಗೆ ಇನ್ನು ಕೆಲವರಿಗೆ ದಿಕ್ಕುತಪ್ಪುತ್ತದೆ: ಗೋಡೆಯ ಮೇಲೆ ಹುಳ ಹರಿದಂತೆ, ಸತ್ತವರು ಬಂದು ಕರೆದಂತೆ, ಯಾರೋ ಕೊಲ್ಲಲು ಬಂದಂತೆ. ವೈದ್ಯರು ಇದಕ್ಕೆ ಡೆಲಿರಿಯಂ ಟ್ರೆಮೆನ್ಸ್ ಎನ್ನುತ್ತಾರೆ. ವಾರಕ್ಕೊಮ್ಮೆ ಒಂದು ಬಿಯರ್ ಕುಡಿಯುವವನಿಗೆ ಈ ಭಯ ಬೇಡ. ಬೆಳಗ್ಗೆ ಎದ್ದ ಕೂಡಲೇ ಕೈನಡುಕ ನಿಲ್ಲಲು ಒಂದು ಗುಟುಕು ಬೇಕಾಗುವವನಿಗೆ, ಹಿಂದೆ ಬಿಟ್ಟಾಗ ಫಿಟ್ಸ್ ಬಂದವನಿಗೆ ಬೇಕು.

ಇದನ್ನು ಮೂಳೆ ವಾರ್ಡಿನಲ್ಲಿ ಆಗಾಗ ಕಾಣಬಹುದು. ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡವರನ್ನು ಅಡ್ಮಿಟ್ ಮಾಡುತ್ತಾರೆ. “ಕುಡಿತೀರಾ?” ಎಂದು ಕೇಳುವಾಗ ಹೆಂಡತಿ, ಅತ್ತೆ, ಅಣ್ಣ ಎಲ್ಲರೂ ಪಕ್ಕದಲ್ಲೇ ನಿಂತಿರುತ್ತಾರೆ. “ಇಲ್ಲ ಸಾರ್, ಯಾವಾಗಾದ್ರೂ ಹಬ್ಬಕ್ಕೆ.” ಮರ್ಯಾದೆಗಾಗಿ ಹೇಳಿದ ಈ ಒಂದು ಮಾತು ಮೂರನೇ ರಾತ್ರಿ ಎದುರಿಗೆ ಬಂದು ನಿಲ್ಲುತ್ತದೆ. ರೋಗಿ ಡ್ರಿಪ್ ಕಿತ್ತು ಎಸೆಯುತ್ತಾನೆ, ಮುರಿದ ಕಾಲಿನಲ್ಲೇ ಎದ್ದು ಓಡಲು ನೋಡುತ್ತಾನೆ, ಮಗಳ ಗುರುತು ಹಿಡಿಯುವುದಿಲ್ಲ. ಮನೆಯವರು ಗಾಳಿ ಸೋಕಿತು ಎಂದು ತಾಯತ ತರಲು ಹೊರಡುತ್ತಾರೆ. ಎಷ್ಟು ಕುಡಿಯುತ್ತಿದ್ದ, ಕೊನೆಗೆ ಯಾವಾಗ ಕುಡಿದ ಎಂಬ ಎರಡು ಸತ್ಯ ಮೊದಲ ದಿನವೇ ವೈದ್ಯರ ಕಿವಿಗೆ ಬಿದ್ದಿದ್ದರೆ ಇದರಲ್ಲಿ ಬಹುಪಾಲು ತಪ್ಪುತ್ತಿತ್ತು. ಲೊರಾಜೆಪಾಮ್, ಕ್ಲೋರ್‌ಡಯಾಜೆಪಾಕ್ಸೈಡ್ ಹೊಸ ಔಷಧಗಳೇನಲ್ಲ, ದುಬಾರಿಯೂ ಅಲ್ಲ. ಕೆಲವು ದಿನ ಕೊಟ್ಟು, ಪ್ರಮಾಣ ಇಳಿಸುತ್ತಾ ನಿಲ್ಲಿಸುತ್ತಾರೆ. ಆದರೆ ಅವು ವೈದ್ಯರು ಕಣ್ಣಿಟ್ಟು ಕೊಡಬೇಕಾದವು. ಮೆಡಿಕಲ್ ಶಾಪಿನಲ್ಲಿ ನಿದ್ದೆ ಮಾತ್ರೆ ಕೇಳಿ ತಂದು, ಜೊತೆಗೆ ಕುಡಿದರೆ ಉಸಿರೇ ನಿಲ್ಲಬಹುದು.

ನಮ್ಮ ಊರುಗಳ ಇನ್ನೊಂದು ರೂಢಿ, “ಸುಸ್ತಾಗಿದೆ, ಒಂದು ಬಾಟ್ಲಿ ಗ್ಲೂಕೋಸ್ ಹಾಕಿಸ್ಕೊಂಡು ಬಾ.” ಅನ್ನ ಬಿಟ್ಟು ಕುಡಿತವೇ ಊಟವಾದವರ ಮೈಯಲ್ಲಿ ಥಯಾಮಿನ್, ಅಂದರೆ ಬಿ1 ಜೀವಸತ್ವ, ಬರಿದಾಗಿರುತ್ತದೆ. ಅದನ್ನು ಕೊಡದೆ ಬರೀ ಗ್ಲೂಕೋಸ್ ಏರಿಸುತ್ತಾ ಹೋದರೆ ಮಿದುಳಿಗೆ ಪೆಟ್ಟು ಬೀಳಬಹುದು, ನೆನಪು ಶಾಶ್ವತವಾಗಿ ಕೆಡಬಹುದು. ಕ್ಲಿನಿಕ್ಕಿನಲ್ಲಿ ಕುಡಿತದ ವಿಷಯ ಮುಚ್ಚಿಡಬೇಡಿ ಎಂದು ಬೇಡಿಕೊಳ್ಳುವುದು ಇದಕ್ಕೇ.

ಇನ್ನು ಆಣೆ, ಮಾಲೆ. ಅಯ್ಯಪ್ಪನ ಮಾಲೆ ಹಾಕಿದ ದಿನವೇ ಬಾಟಲಿ ಬದಿಗಿಡುವವರು ಕರ್ನಾಟಕದ ಊರೂರಲ್ಲಿ ಇದ್ದಾರೆ. ಆ ಶ್ರದ್ಧೆಯ ಬಗ್ಗೆ ನನಗೆ ಗೌರವವಿದೆ. ಎಷ್ಟೋ ಮನೆಗಳಿಗೆ ವರ್ಷದಲ್ಲಿ ನೆಮ್ಮದಿ ಸಿಗುವುದೇ ಆ ದಿನಗಳಲ್ಲಿ. ಆದರೆ “ಹೋದ ವರ್ಷ ಏನೂ ಆಗಿರಲಿಲ್ಲ” ಎಂಬ ಧೈರ್ಯ ಬೇಡ. ಬಿಡುವುದು, ಮತ್ತೆ ಹಿಡಿಯುವುದು, ಮತ್ತೆ ಬಿಡುವುದು, ಹೀಗೆ ಪ್ರತಿ ಸಲವೂ ಮಿದುಳು ಹೆಚ್ಚು ಹೆಚ್ಚು ಕೆರಳುತ್ತದೆ. ಐದನೇ ಮಾಲೆ ಮೊದಲನೆಯದಕ್ಕಿಂತ ಕಷ್ಟವಾಗಬಹುದು. ಮಾಲೆ ಹಾಕುವ ಮುಂಚೆ ಗುರುಸ್ವಾಮಿಯನ್ನು ಕಂಡಂತೆ ವೈದ್ಯರನ್ನೂ ಕಾಣಲಿ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರ ಮದ್ಯವರ್ಜನ ಶಿಬಿರಗಳು ಎಂಟು ದಿನ ನಡೆಯುವುದರಲ್ಲಿ ನನಗೊಂದು ವಿವೇಕ ಕಾಣುತ್ತದೆ. ಅಪಾಯದ ದಿನಗಳಲ್ಲಿ ಮನುಷ್ಯ ಒಂಟಿಯಾಗಿರುವುದಿಲ್ಲ.

2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಎಂದು ಮದ್ಯದಂಗಡಿಗಳು ಒಮ್ಮೆಲೇ ಮುಚ್ಚಿದಾಗ ದಿಢೀರನೆ ಬಿಟ್ಟರೆ ಏನಾಗುತ್ತದೆಂಬುದನ್ನು ಇಡೀ ರಾಜ್ಯ ಕಂಡಿತು. ಬೆಂಗಳೂರಿನ ಆಸ್ಪತ್ರೆಗಳಿಗೆ ಫಿಟ್ಸ್, ಸನ್ನಿ ಎಂದು ಬಂದವರು ಹೆಚ್ಚಿದ್ದನ್ನು ನಿಮ್ಹಾನ್ಸ್‌ನ ವೈದ್ಯರು ದಾಖಲಿಸಿದ್ದಾರೆ. ಮೇ 4ರಂದು ಅಂಗಡಿ ತೆರೆದಾಗಿನ ಉದ್ದನೆಯ ಸಾಲಿನ ಚಿತ್ರ ನೋಡಿ ನಾವೆಲ್ಲ ನಕ್ಕೆವು. ಆ ಸಾಲಿನಲ್ಲಿ ಕಾಯಿಲೆಯವರೂ ನಿಂತಿದ್ದರು.

ದೆಹಲಿಯ ಏಮ್ಸ್ ನಡೆಸಿ, 2019ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ಮದ್ಯಕ್ಕೆ ಅಂಟಿಕೊಂಡವರಲ್ಲಿ 38 ಜನರಿಗೆ ಒಬ್ಬರು ಮಾತ್ರ ಯಾವುದಾದರೂ ಚಿಕಿತ್ಸೆ ಪಡೆದಿದ್ದಾರೆ. ಅಬಕಾರಿಯಿಂದ ವರ್ಷಕ್ಕೆ ಸಾವಿರಾರು ಕೋಟಿ ಎಣಿಸಿಕೊಳ್ಳುವ ಸರ್ಕಾರಕ್ಕೆ ಈ ಲೆಕ್ಕ ಚುಚ್ಚಬೇಕು. ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಮನೋಚೈತನ್ಯ ಕಾರ್ಯಕ್ರಮ ಒಳ್ಳೆಯದೇ. ಆದರೆ ಬಿಟ್ಟವನ ಮೂರನೇ ದಿನ ಮಂಗಳವಾರಕ್ಕೇ ಬೀಳಬೇಕಲ್ಲ! ರಾತ್ರಿ ಪಾಳಿಯ ಸಾಮಾನ್ಯ ವೈದ್ಯರಿಗೇ ಇದನ್ನು ಗುರುತಿಸಿ ಚಿಕಿತ್ಸೆ ಕೊಡುವ ತರಬೇತಿ ಸಿಗಲಿ, ಥಯಾಮಿನ್ ಇಂಜೆಕ್ಷನ್ ಎಲ್ಲ ತಾಲೂಕು ಆಸ್ಪತ್ರೆಗಳಲ್ಲೂ ಸದಾ ಇರಲಿ. ಕುಡಿತದ ಪ್ರಶ್ನೆಯನ್ನು ಮನೆಯವರನ್ನು ಹೊರಗೆ ಕಳಿಸಿ ಕೇಳುವ ಪದ್ಧತಿ ಬರಲಿ. ಇದಕ್ಕಂತೂ ಕಾಸಿನ ಖರ್ಚಿಲ್ಲ. ಸಂಕಟ ಶುರುವಾದಾಗ ಯಾರನ್ನು ಕೇಳುವುದೆಂದು ತಿಳಿಯದವರಿಗೆ ಟೆಲಿ ಮಾನಸ್‌ನ 14416 ಇದೆ, ಕನ್ನಡದಲ್ಲೇ ಮಾತಾಡುತ್ತಾರೆ. ಫಿಟ್ಸ್ ಬಂದರೆ, ಮಾತು ತೊದಲಿ ಗುರುತು ತಪ್ಪಿದರೆ ಫೋನಿನಲ್ಲಿ ಕೂರಬೇಡಿ, 108 ಕರೆಸಿ ಆಸ್ಪತ್ರೆಗೆ ಒಯ್ಯಿರಿ.