ಕನ್ನಡಕ ತೆಗಿ ತಮ್ಮಾ!

"ಸಾರ್, ನೋಡೋಕೆ ಚೆನ್ನಾಗಿದ್ದೀನಿ. ಡ್ಯಾನ್ಸು, ಫೈಟು ಎಲ್ಲಾ ಬರುತ್ತೆ. ಯಾವ ಪಾತ್ರ ಆದ್ರೂ ಸರಿ, ಒಂದು ಚಾನ್ಸ್ ಕೊಡಿಸಿ!"

ನನಗೆ ಬರುವ ಪತ್ರಗಳಲ್ಲಿ ಅರ್ಧ ಇಂಥವೇ. ಚಾನ್ಸ್ ಕೊಡಿಸುವ ತಾಕತ್ತು ಈ ಬಡ ಅಂಕಣಕಾರನಿಗಿಲ್ಲ. ಆದರೆ ಕೇಳುವುದು ಹೇಗೆ ಅಂತ ಹೇಳಬಲ್ಲೆ. ಯಾಕೆಂದರೆ, ಕೇಳಬಾರದ ರೀತಿಯಲ್ಲೆಲ್ಲಾ ಕೇಳಿ ಕೆಟ್ಟವನು ನಾನು!

ಹತ್ತೊಂಬತ್ತನೇ ವಯಸ್ಸಿನಲ್ಲಿ ಮೆಜೆಸ್ಟಿಕ್‌ನಲ್ಲಿ ಬಸ್ಸಿಳಿದೆ. ಕಂಕುಳಲ್ಲಿ ಹನ್ನೆರಡು ಫೋಟೋಗಳ ಆಲ್ಬಂ. ಹನ್ನೆರಡರಲ್ಲೂ ಕಪ್ಪು ಕನ್ನಡಕ! ಗಾಂಧಿನಗರದ ಆಫೀಸೊಂದರಲ್ಲಿ ಸಹ ನಿರ್ದೇಶಕರು ಅದನ್ನು ತಿರುವಿ ಹಾಕಿ, "ಕನ್ನಡಕ ಚೆನ್ನಾಗಿ ನಟಿಸಿದೆ. ನಿನ್ನ ಕಣ್ಣೆಲ್ಲಯ್ಯಾ?" ಅಂದರು. ಮುಖ ಊದಿಸಿಕೊಂಡು ಹೊರಬಂದೆ.

ಬೀದಿಯ ತಿರುವಿನಲ್ಲೇ ಇನ್ನೊಬ್ಬ ಸಿಕ್ಕ. "ಎಂಥಾ ಫೇಸು! ಎರಡನೇ ಹೀರೋ ನೀನೇ" ಅಂದ. ಕಾರ್ಡು ಮಾಡಿಸಲು ದುಡ್ಡು ಕೇಳಿದ. ಊರಿಗೆ ಓಡಿದೆ. ಅವ್ವ ಕೈಬಳೆ ಗಿರವಿ ಇಟ್ಟಳು. ದುಡ್ಡು ಕೊಟ್ಟು, ವಾರ ಬಿಟ್ಟು ಹೋದರೆ ರೂಮಿಗೆ ಬೀಗ! ಆ ಬಳೆ ಬಿಡಿಸಿ ತರುವ ಹೊತ್ತಿಗೆ, ಹಾಕಿಕೊಳ್ಳಲು ಅವ್ವನೇ ಇರಲಿಲ್ಲ.

ಬೈದವನು ಬಿಟ್ಟಿಯಾಗಿ ಪಾಠ ಹೇಳಿದ್ದ. ಹೊಗಳಿದವನು ಬಳೆ ನುಂಗಿದ. ಇವತ್ತು ಆಲ್ಬಂ ಹೋಗಿ ಮೊಬೈಲು ಬಂದಿದೆ, ಮೋಸ ಮಾತ್ರ ಹಾಗೇ ಇದೆ. ನೆನಪಿಟ್ಟುಕೊ: ನಟನಿಗೆ ಸಂಭಾವನೆ ಕೊಡುವುದು ಸಿನಿಮಾ. ಸಿನಿಮಾಕ್ಕೆ ನಟ ಕೊಡುವುದಲ್ಲ!

ಈಗ ಕೆಲಸದ ಮಾತು. ಮೂರು ಫೋಟೋ ಸಾಕು: ಮುಖ ಒಂದು, ಪಕ್ಕದ ನೋಟ ಒಂದು, ಪೂರ್ತಿ ನಿಂತದ್ದು ಒಂದು. ಹಗಲು ಬೆಳಕು, ಬಿಳಿ ಗೋಡೆ, ಸಾದಾ ಷರಟು. ಜೊತೆಗೆ ಒಂದು ನಿಮಿಷದ ವಿಡಿಯೋ. ಬೇರೆಯವರ ಡೈಲಾಗಿಗೆ ತುಟಿ ಅಲ್ಲಾಡಿಸಿದ ರೀಲ್ಸ್ ಬೇಡ, ನಿನ್ನ ದನಿ ಕೇಳಿಸಲಿ. ಹೆಸರು, ವಯಸ್ಸು, ಎತ್ತರ, ಬಲ್ಲ ಭಾಷೆ, ಫೋನ್ ನಂಬರು ಬರೆ. ಡೊಳ್ಳು ಕುಣಿತವೋ ಟ್ರ್ಯಾಕ್ಟರ್ ಓಡಿಸುವುದೋ ಬಂದರೆ ಅದನ್ನೂ ಬರೆ. ಈಜು ಬರದೆ ಬರುತ್ತೆ ಅಂದರೆ, ಶೂಟಿಂಗಿನಲ್ಲಿ ಬಾವಿಗಿಳಿಸಿಯಾರು ಹುಷಾರು! ಹೀರೋ ಮನೆ ಗೇಟು ಕಾಯುವ ಬದಲು ಸಹ ನಿರ್ದೇಶಕರನ್ನು ಕಾಣು. ಸಣ್ಣ ಪಾತ್ರಕ್ಕೆ ಮುಖ ಹುಡುಕುವ ತಲೆನೋವು ಸಾಮಾನ್ಯವಾಗಿ ಅವರದೇ.

ಇಷ್ಟೆಲ್ಲಾ ಬಾಗಿಲು ತಟ್ಟುವುದಕ್ಕೆ. ಬಾಗಿಲು ತೆಗೆದ ಮೇಲೆ ಏನು ತೋರಿಸ್ತೀಯಾ? ಅಣ್ಣಾವ್ರು 1954ರಲ್ಲಿ 'ಬೇಡರ ಕಣ್ಣಪ್ಪ'ನಾಗುವ ಮುಂಚೆ ವರ್ಷಗಟ್ಟಲೆ ನಾಟಕ ಕಂಪನಿಯ ಅನ್ನ ಉಂಡವರು. ಬೆಂಗಳೂರಿನ ಬಸ್ ಕಂಡಕ್ಟರ್ ಶಿವಾಜಿರಾವ್ ಗಾಯಕವಾಡ್ ನಾಟಕ ಆಡಿ, ಮದರಾಸಿನ ಫಿಲಂ ಇನ್‌ಸ್ಟಿಟ್ಯೂಟ್‌ನಲ್ಲಿ ಕಲಿತ ಮೇಲೆಯೇ 1975ರಲ್ಲಿ ಬಾಲಚಂದರ್ ಚಿತ್ರದ ಸಣ್ಣ ಪಾತ್ರದಲ್ಲಿ ರಜನೀಕಾಂತ್ ಆದದ್ದು. ಸಾಗರದ ಹತ್ತಿರ ಹೆಗ್ಗೋಡಿನಲ್ಲಿ ನೀನಾಸಂ 1980ರಲ್ಲಿ ರಂಗಶಿಕ್ಷಣ ಶುರುಮಾಡಿತು. ಅಲ್ಲಿ ಕಲಿತವರು ಇವತ್ತು ತೆರೆಯ ತುಂಬಾ ಇದ್ದಾರೆ. ಅಷ್ಟು ದೂರ ಆಗದಿದ್ದರೆ ನಿಮ್ಮೂರ ಜಾತ್ರೆ ನಾಟಕವಾದರೂ ಇದೆಯಲ್ಲ!

ಹೋಗು ತಮ್ಮಾ, ಧೈರ್ಯವಾಗಿ ಹೋಗು. ವಾಪಸ್ ಬಸ್ ಚಾರ್ಜು ಒಳಜೇಬಿನಲ್ಲಿರಲಿ. ಅವ್ವನ ಬಳೆ ಅವ್ವನ ಕೈಯಲ್ಲೇ ಇರಲಿ.