ಶಹಾಪುರದ ಹತ್ತಿ, ದೂರದೇಶದ ಕಾನೂನು

2025ರ ಆಗಸ್ಟ್ 18ರಂದು ಕೇಂದ್ರ ಹಣಕಾಸು ಸಚಿವಾಲಯವು ಒಂದು ಅಧಿಸೂಚನೆ ಹೊರಡಿಸಿತು. ಹೊರದೇಶಗಳಿಂದ ಬರುವ ಹತ್ತಿಯ ಮೇಲಿನ ಶೇ 11ರ ಆಮದು ಸುಂಕವನ್ನು ಮರುದಿನದಿಂದಲೇ ಸೆಪ್ಟೆಂಬರ್ 30ರವರೆಗೆ ಮನ್ನಾ ಮಾಡಲಾಗಿದೆ ಎಂಬುದು ಅದರ ಸಾರಾಂಶ. ಹತ್ತು ದಿನ ಕಳೆಯುವಷ್ಟರಲ್ಲಿ ಈ ವಿನಾಯಿತಿಯನ್ನು ಡಿಸೆಂಬರ್ 31ರವರೆಗೆ ವಿಸ್ತರಿಸಲಾಯಿತು. ಆ ವೇಳೆಗೆ ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳ ಹೊಲಗಳಲ್ಲಿ ಬಿತ್ತನೆ ಮುಗಿದು, ಬೀಜ, ಗೊಬ್ಬರ, ಔಷಧಿಗಳಿಗೆ ರೈತರು ಸಾಲ ಮಾಡಿಯಾಗಿತ್ತು. ಬೆಳೆ ಬದಲಿಸುವ ಕಾಲ ಮೀರಿತ್ತು. ವಿನಾಯಿತಿಯ ಅವಧಿಯಾದರೋ ಹತ್ತಿ ಮಾರುಕಟ್ಟೆಗೆ ಬರುವ ಹಂಗಾಮಿನ ಮೊದಲ ಮೂರು ತಿಂಗಳನ್ನು ಸಂಪೂರ್ಣವಾಗಿ ಆವರಿಸಿತ್ತು.

ಸುಂಕ ಇರಬೇಕೇ ಬೇಡವೇ ಎಂಬುದು ನೀತಿಯ ಪ್ರಶ್ನೆ. ಅದಕ್ಕೆ ಎರಡೂ ಕಡೆ ವಾದಗಳಿವೆ. ಆದರೆ ಬಿತ್ತನೆಯ ನಂತರ, ಕೊಯ್ಲಿಗೆ ಮುನ್ನ ನಿಯಮ ಬದಲಾದರೆ ಅದರ ನಷ್ಟವನ್ನು ಯಾರು ಹೊರಬೇಕು ಎಂಬುದು ನ್ಯಾಯದ ಪ್ರಶ್ನೆ. ವಾಷಿಂಗ್ಟನ್, ಜಿನೀವಾ, ದೆಹಲಿಗಳಲ್ಲಿ ರೂಪುಗೊಳ್ಳುವ ಕಾನೂನುಗಳು ಶಹಾಪುರದ ಜಿನ್ನಿಂಗ್ ಮಿಲ್ಲಿನ ಬಾಗಿಲಲ್ಲಿ ದರವಾಗಿ ಇಳಿಯುತ್ತಿರುವ ಈ ದಿನಗಳಲ್ಲಿ ಈ ಪ್ರಶ್ನೆಯನ್ನು ಕೇಳಲೇಬೇಕಾಗಿದೆ.

ಕಾಲುವೆ ತಂದ ಬೆಳೆ

2009ರ ಕೊನೆಯಲ್ಲಿ ಗುಲ್ಬರ್ಗಾದಿಂದ ಬೇರ್ಪಟ್ಟು ಜಿಲ್ಲೆಯಾದ ಯಾದಗಿರಿ, ರಾಜ್ಯದ ಹಿಂದುಳಿದ ಜಿಲ್ಲೆಗಳ ಪಟ್ಟಿಯಲ್ಲಿ ಮುಂಚೂಣಿಯಲ್ಲಿರುವಂಥದ್ದು. 2011ರ ಜನಗಣತಿಯಂತೆ ಇಲ್ಲಿನ ಸಾಕ್ಷರತೆ ಶೇ 51.83, ಅದು ರಾಜ್ಯದಲ್ಲೇ ಅತಿ ಕಡಿಮೆ. ಆದರೂ ಬಸವಸಾಗರ ಜಲಾಶಯದ ಎಡದಂಡೆ ಕಾಲುವೆ ಹರಿದ ಮೇಲೆ ಸುರಪುರ ಮತ್ತು ಶಹಾಪುರ ಸೀಮೆಯ ಕೃಷಿಯ ಸ್ವರೂಪವೇ ಬದಲಾಯಿತು. ನೀರು ನಿಂತಲ್ಲಿ ಭತ್ತ, ಎರೆಭೂಮಿಯಲ್ಲಿ ಹತ್ತಿ, ಮಳೆಯಾಶ್ರಿತ ಪ್ರದೇಶದಲ್ಲಿ ತೊಗರಿ ಪ್ರಧಾನ ಬೆಳೆಗಳಾದವು. ಹತ್ತಿಯ ಬೆನ್ನಿಗೇ ಶಹಾಪುರದ ಸುತ್ತ ಜಿನ್ನಿಂಗ್ ಮಿಲ್ಲುಗಳು ತಲೆ ಎತ್ತಿದವು.

ಈ ಮಿಲ್ಲುಗಳ ವ್ಯವಹಾರ ಸರಳವಾದುದು, ಆದರೆ ಅಂಚು ತೀರಾ ತೆಳುವಾದುದು. ರೈತ ತಂದ ಒಂದು ಕ್ವಿಂಟಲ್ ಹತ್ತಿಯಲ್ಲಿ ಮೂರನೇ ಒಂದು ಭಾಗದಷ್ಟು ಮಾತ್ರ ಅರಳೆ. ಉಳಿದದ್ದರಲ್ಲಿ ಬಹುಪಾಲು ಕಾಳು. ಅದು ಎಣ್ಣೆಗೆ ಹಾಗೂ ದನಗಳ ಹಿಂಡಿಗೆ ಹೋಗುತ್ತದೆ. ಅರಳೆಯನ್ನು 170 ಕಿಲೋ ತೂಕದ ಬೇಲ್‌ಗಳಾಗಿ ಬಿಗಿದು ನೂಲಿನ ಗಿರಣಿಗಳಿಗೆ ಮಾರಬೇಕು. ಗಿರಣಿಯವರಿಗೆ ಬಂದರಿನಲ್ಲಿಯೇ ಅಗ್ಗದ ಅರಳೆ ದೊರೆತರೆ ಇಲ್ಲಿನ ಬೇಲ್‌ಗಳಿಗೆ ಬೇಡಿಕೆ ಕುಸಿಯುತ್ತದೆ. ಬೇಡಿಕೆ ಕುಸಿದ ಮಿಲ್ಲು ಮರುದಿನ ರೈತನಿಗೆ ಹೇಳುವ ದರವನ್ನು ಇಳಿಸುತ್ತದೆ. ಹೀಗೆ ಒಂದು ಅಧಿಸೂಚನೆಯ ಪರಿಣಾಮ ಹೊಲದವರೆಗೆ ತಲುಪಲು ಹೆಚ್ಚು ದಿನ ಬೇಕಾಗುವುದಿಲ್ಲ.

ಹತ್ತಿಕ್ಕುವ, ಎತ್ತುವ ಸುಂಕ

ಹತ್ತಿಯ ಆಮದು ಸುಂಕದ ಇತಿಹಾಸ ದೀರ್ಘವಾದುದೇನಲ್ಲ. 2021ರ ಬಜೆಟ್‌ವರೆಗೆ ಹತ್ತಿ ಸುಂಕರಹಿತವಾಗಿಯೇ ಬರುತ್ತಿತ್ತು. ಆ ವರ್ಷ ಶೇ 5ರ ಮೂಲ ಸುಂಕ, ಶೇ 5ರ ಕೃಷಿ ಮೂಲಸೌಕರ್ಯ ಸೆಸ್, ಇವೆರಡರ ಮೇಲೆ ಸಮಾಜ ಕಲ್ಯಾಣ ಸರ್‌ಚಾರ್ಜ್ ಸೇರಿ ಒಟ್ಟು ಶೇ 11 ವಿಧಿಸಲಾಯಿತು. ರೈತರ ಹಿತಕ್ಕಾಗಿ ಎಂಬುದು ಅಂದು ನೀಡಿದ ಕಾರಣ. 2022ರಲ್ಲಿ ದೇಶದೊಳಗೆ ಬೆಲೆ ಗಗನಕ್ಕೇರಿದಾಗ ಏಪ್ರಿಲ್ 14ರಿಂದ ಸುಂಕ ಮನ್ನಾ ಮಾಡಿ, ಅದನ್ನು ಅಕ್ಟೋಬರ್ 31ರವರೆಗೆ ಮುಂದುವರಿಸಲಾಯಿತು. 2024ರ ಫೆಬ್ರುವರಿಯಲ್ಲಿ ಅತಿ ಉದ್ದ ಎಳೆಯ ಹತ್ತಿಗೆ ವಿನಾಯಿತಿ ದೊರೆಯಿತು. ಇದರ ನಡುವೆ, 2022ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ ಆಸ್ಟ್ರೇಲಿಯಾ ಒಪ್ಪಂದದಂತೆ ಆ ದೇಶದ 51,000 ಟನ್ ಹತ್ತಿಗೆ ಪ್ರತಿವರ್ಷ ಸುಂಕವಿಲ್ಲದ ಪ್ರವೇಶ ಕಲ್ಪಿಸಲಾಯಿತು.

2025ರ ನಿರ್ಧಾರದ ಹಿನ್ನೆಲೆ ಬೇರೆ. ಆ ವರ್ಷ ಆಗಸ್ಟ್ 7ರಿಂದ ಅಮೆರಿಕವು ಭಾರತದ ಸರಕಿನ ಮೇಲೆ ಶೇ 25ರ ಸುಂಕ ಹೇರಿತು. ರಷ್ಯಾದಿಂದ ತೈಲ ಖರೀದಿಸುತ್ತಿರುವ ಕಾರಣ ನೀಡಿ ಆಗಸ್ಟ್ 27ರಿಂದ ಇನ್ನೂ ಶೇ 25 ಸೇರಿಸಿತು. ಬಾಂಗ್ಲಾದೇಶ, ವಿಯೆಟ್ನಾಂಗಳ ಉಡುಪಿಗೆ ಶೇ 20 ಇದ್ದಾಗ ಭಾರತದ ಉಡುಪಿಗೆ ಶೇ 50. ನಮ್ಮ ಉಡುಪು ರಫ್ತಿನ ಮೂರನೇ ಒಂದರಷ್ಟು ಭಾಗ ಅಮೆರಿಕಕ್ಕೇ ಹೋಗುತ್ತಿದ್ದುದರಿಂದ ತಿರುಪ್ಪೂರಿನಿಂದ ಬೆಂಗಳೂರಿನವರೆಗೆ ಸಿದ್ಧ ಉಡುಪು ಘಟಕಗಳಲ್ಲಿ ಆತಂಕ ಹಬ್ಬಿತು. ಕಚ್ಚಾ ವಸ್ತುವನ್ನಾದರೂ ಅಗ್ಗಗೊಳಿಸಿ ಎಂಬ ಗಿರಣಿ ಮಾಲೀಕರ ಬೇಡಿಕೆಗೆ ಕೇಂದ್ರ ಸರ್ಕಾರ ಓಗೊಟ್ಟಿತು.

ಗಿರಣಿಗಳ ವಾದವನ್ನು ತಳ್ಳಿಹಾಕುವಂತಿಲ್ಲ. ಉಡುಪು ಘಟಕಗಳಲ್ಲಿ ದುಡಿಯುವವರಲ್ಲಿ ಬಹುಪಾಲು ಬಡ ಕುಟುಂಬಗಳ ಹೆಣ್ಣುಮಕ್ಕಳು. ಅವರ ಕೆಲಸ ಉಳಿಯಬೇಕು. ಆದರೆ ವಿದೇಶವೊಂದರ ರಾಜಕೀಯ ನಿರ್ಧಾರದಿಂದ ಒಂದು ಉದ್ಯಮಕ್ಕೆ ಬಿದ್ದ ಪೆಟ್ಟನ್ನು ತಗ್ಗಿಸುವ ಭಾರವನ್ನು ಖಜಾನೆಯ ಬದಲು ಹತ್ತಿ ಬೆಳೆಗಾರನ ಮೇಲೆ ವರ್ಗಾಯಿಸಿದ್ದು ಎಷ್ಟು ಸರಿ?

ಬ್ರೆಜಿಲ್ ಕಲಿಸಿದ ಪಾಠ

ಇದೇ ಹತ್ತಿಯ ವಿಷಯದಲ್ಲಿ ಬೇರೆ ದೇಶಗಳು ಹೇಗೆ ನಡೆದುಕೊಂಡವು ಎಂಬುದನ್ನು ಗಮನಿಸಬೇಕು. ಅಮೆರಿಕವು ತನ್ನ ಹತ್ತಿ ಬೆಳೆಗಾರರಿಗೆ ನೀಡುವ ಸಬ್ಸಿಡಿಯಿಂದ ಜಾಗತಿಕ ಬೆಲೆ ಕುಸಿಯುತ್ತಿದೆ ಎಂದು ಬ್ರೆಜಿಲ್ 2002ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಮೆಟ್ಟಿಲೇರಿತು. 2005ರಲ್ಲಿ ಮೇಲ್ಮನವಿ ಪೀಠವೂ ಬ್ರೆಜಿಲ್ ಪರ ನಿಂತಿತು. ಆ ಮೊಕದ್ದಮೆಯಲ್ಲಿ ಭಾರತವೂ ಮೂರನೇ ಪಕ್ಷವಾಗಿ ಭಾಗವಹಿಸಿತ್ತು. ಅಮೆರಿಕ ಸಬ್ಸಿಡಿಯನ್ನು ಸರಿಪಡಿಸದಿದ್ದಾಗ, ಪ್ರತೀಕಾರದ ಸುಂಕ ವಿಧಿಸಲು 2009ರಲ್ಲಿ ಬ್ರೆಜಿಲ್‌ಗೆ ಅನುಮತಿ ದೊರೆಯಿತು. ಅದನ್ನು ತಪ್ಪಿಸಿಕೊಳ್ಳಲು ಅಮೆರಿಕವು ಬ್ರೆಜಿಲ್‌ನ ಹತ್ತಿ ಕ್ಷೇತ್ರಕ್ಕೆ ವರ್ಷಕ್ಕೆ 14.73 ಕೋಟಿ ಡಾಲರ್ ನೀಡಲು 2010ರಲ್ಲಿ ಒಪ್ಪಿತು. 2014ರ ಅಕ್ಟೋಬರ್‌ನಲ್ಲಿ ಇನ್ನೂ 30 ಕೋಟಿ ಡಾಲರ್ ಕೊಟ್ಟು ವ್ಯಾಜ್ಯ ಮುಗಿಸಿತು.

ತನ್ನ ರೈತರ ಸಬ್ಸಿಡಿಗೆ ಕೈಹಚ್ಚುವ ಬದಲು ಅನ್ಯದೇಶದ ರೈತರಿಗೂ ತನ್ನ ಖಜಾನೆಯಿಂದಲೇ ಹಣ ಕೊಡಲು ಅಮೆರಿಕ ಸಿದ್ಧವಾಯಿತು ಎಂಬುದು ಇಲ್ಲಿನ ಸ್ವಾರಸ್ಯ. ತನ್ನ ಬೆಳೆಗಾರರ ಪರವಾಗಿ ಹನ್ನೆರಡು ವರ್ಷ ಮೊಕದ್ದಮೆ ನಡೆಸಲು ಬ್ರೆಜಿಲ್ ಸಿದ್ಧವಾಯಿತು. ಎರಡೂ ಕಡೆ ರೈತನ ಬೆನ್ನಿಗೆ ಸರ್ಕಾರವಿತ್ತು.

ಅಷ್ಟು ದೂರ ಹೋಗಬೇಕಾಗಿಲ್ಲ. ನೆರೆಯ ಆಂಧ್ರಪ್ರದೇಶವು 2006ರಲ್ಲಿ ಬಿಟಿ ಹತ್ತಿಬೀಜದ ವಿಪರೀತ ರಾಯಧನವನ್ನು ಪ್ರಶ್ನಿಸಿ ಏಕಸ್ವಾಮ್ಯ ಮತ್ತು ನಿರ್ಬಂಧಿತ ವ್ಯಾಪಾರ ಪದ್ಧತಿಗಳ ಆಯೋಗಕ್ಕೆ ದೂರು ನೀಡಿತು. ಪರಿಣಾಮವಾಗಿ 1,850 ರೂ. ಆಸುಪಾಸಿನಲ್ಲಿದ್ದ ಬೀಜದ ಪೊಟ್ಟಣ 750 ರೂ.ಗೆ ಇಳಿಯಿತು. 2015ರ ಡಿಸೆಂಬರ್‌ನಲ್ಲಿ ಕೇಂದ್ರವೇ ಹತ್ತಿಬೀಜದ ದರ ನಿಯಂತ್ರಣ ಆದೇಶ ಹೊರಡಿಸಿತು. ಸುರಪುರದ ರೈತ ಇಂದು ಬೀಜದ ಪೊಟ್ಟಣಕ್ಕೆ ದೇಶದ ಇತರೆಡೆಯಂತೆಯೇ ನಿಗದಿತ ಗರಿಷ್ಠ ದರ ಕೊಡುವುದು ಆ ಹೋರಾಟದ ಫಲವಾಗಿ. ಕಾನೂನಿನ ಹಾದಿ ಹಿಡಿದವರಿಗೆ ಫಲ ದೊರೆತಿದೆ ಎಂಬುದಕ್ಕೆ ಇದು ನಿದರ್ಶನ.

ಬೆಂಬಲ ಬೆಲೆಗೂ ತಕರಾರು

ಸುಂಕ ಇಲ್ಲದಿದ್ದರೇನು, ಬೆಂಬಲ ಬೆಲೆ ಇದೆಯಲ್ಲ ಎಂಬ ಸಮಾಧಾನ ಸಹಜವಾಗಿಯೇ ಕೇಳಿಬರುತ್ತದೆ. 2025-26ರ ಹಂಗಾಮಿಗೆ ಮಧ್ಯಮ ಎಳೆಯ ಹತ್ತಿಗೆ ಕ್ವಿಂಟಲ್‌ಗೆ 7,710 ರೂ., ಉದ್ದ ಎಳೆಯ ಹತ್ತಿಗೆ 8,110 ರೂ. ಎಂದು ನಿಗದಿಯಾಗಿತ್ತು. ಭಾರತೀಯ ಹತ್ತಿ ನಿಗಮವು ಹಿಂದಿನ ಹಂಗಾಮಿನಲ್ಲಿ ದೇಶದಾದ್ಯಂತ ಸುಮಾರು 1 ಕೋಟಿ ಬೇಲ್‌ನಷ್ಟು ಹತ್ತಿ ಖರೀದಿಸಿತ್ತು; ಅದರ ನಷ್ಟವನ್ನು ಖಜಾನೆಯೇ ಭರಿಸುತ್ತದೆ ಎಂಬುದೂ ನಿಜ.

ಆದರೆ ಈ ರಕ್ಷಣೆ ಖರೀದಿ ಕೇಂದ್ರದವರೆಗೆ ತಲುಪಿದವರಿಗೆ ಮಾತ್ರ. ತೇವಾಂಶ ಶೇ 8 ಮೀರಿದರೆ ದರ ಕಡಿತ, ಶೇ 12 ಮೀರಿದರೆ ತಿರಸ್ಕಾರ. ಮೊದಲ ಬಿಡಿಗೆಯ ಹೊತ್ತಿಗೆ ಮಳೆ ಬಂದರೆ ತೇವಾಂಶ ಆ ಮಿತಿಯೊಳಗೆ ಇಳಿಯುವುದು ಕಷ್ಟ. 2025ರಿಂದ ಮೊಬೈಲ್ ಆ್ಯಪ್‌ನಲ್ಲಿ ಮುಂಗಡ ನೋಂದಣಿ ಮತ್ತು ದಿನ ಕಾಯ್ದಿರಿಸುವ ಪದ್ಧತಿ ಬಂದಿದೆ. ಆಧಾರ್, ಭೂದಾಖಲೆ ಎರಡೂ ಹೊಂದಿಕೆಯಾಗಬೇಕು. ಅರ್ಧದಷ್ಟು ಜನರಿಗೆ ಅಕ್ಷರ ಬಾರದ ಜಿಲ್ಲೆಯೆಂದು ದಾಖಲಾಗಿದ್ದ ಕಡೆ, ಪಾಲಿಗೋ ಗುತ್ತಿಗೆಗೋ ಹೊಲ ಮಾಡುವ, ಪಹಣಿಯಲ್ಲಿ ಹೆಸರೇ ಇಲ್ಲದ ರೈತ ಈ ಬಾಗಿಲನ್ನು ದಾಟುವುದು ಹೇಗೆ? ಸಾಲ ಕೊಟ್ಟ ವ್ಯಾಪಾರಿಗೆ ಅವನು ಹೇಳಿದ ದರಕ್ಕೆ ಮಾರುವುದೇ ಅವನಿಗೆ ಉಳಿಯುವ ದಾರಿ. ಕ್ವಿಂಟಲ್‌ಗೆ 1,000 ರೂ. ಕಡಿಮೆಗೆ 20 ಕ್ವಿಂಟಲ್ ಮಾರಿದರೂ 20,000 ರೂ. ನಷ್ಟ. ಸಣ್ಣ ಹಿಡುವಳಿಯ ಕುಟುಂಬಕ್ಕೆ ಅದು ಮುಂದಿನ ಬಿತ್ತನೆಯ ಬಂಡವಾಳ.

ಇನ್ನೂ ಗಂಭೀರವಾದ ಸಂಗತಿಯೆಂದರೆ, ಈ ಬೆಂಬಲ ಬೆಲೆಯ ಮೇಲೂ ಜಿನೀವಾದಲ್ಲಿ ತಕರಾರಿದೆ. ಭಾರತವು ಹತ್ತಿಗೆ ನೀಡುವ ಬೆಲೆ ಬೆಂಬಲ ಉತ್ಪಾದನಾ ಮೌಲ್ಯದ ಶೇ 10ರ ಮಿತಿಯನ್ನು ಮೀರಿ ಶೇ 53ರಿಂದ ಶೇ 81ರವರೆಗೆ ಇದೆ ಎಂದು 2018ರ ನವೆಂಬರ್‌ನಲ್ಲಿ ಅಮೆರಿಕವು ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಆಕ್ಷೇಪಿಸಿತು. ಲೆಕ್ಕದ ವಿಧಾನವೇ ತಪ್ಪು ಎಂಬುದು ಭಾರತದ ನಿಲುವು. 1986-88ರ ಅಂತರರಾಷ್ಟ್ರೀಯ ದರವನ್ನು ಇಂದಿಗೂ ಅಳತೆಗೋಲಾಗಿ ಇಟ್ಟುಕೊಂಡಿರುವ ಈ ನಿಯಮದಲ್ಲಿ ನ್ಯಾಯವಿಲ್ಲ ಎಂಬುದು ಸುಸ್ಪಷ್ಟ. ಆದರೆ 2013ರ ಬಾಲಿ ಸಮ್ಮೇಳನದಲ್ಲಿ ದೊರೆತ ತಾತ್ಕಾಲಿಕ ರಕ್ಷಣೆ ಆಹಾರ ಧಾನ್ಯಗಳ ದಾಸ್ತಾನಿಗೆ ಸೀಮಿತ. ಹತ್ತಿ ಅದರೊಳಗೆ ಬರುವುದಿಲ್ಲ. ಇತ್ತ, ಹೊಸ ಸದಸ್ಯರ ನೇಮಕಕ್ಕೆ ಅಮೆರಿಕ ಅಡ್ಡಿಪಡಿಸಿದ್ದರಿಂದ 2019ರ ಡಿಸೆಂಬರ್‌ನಲ್ಲಿ ಮೇಲ್ಮನವಿ ಪೀಠವೇ ನಿಷ್ಕ್ರಿಯವಾಯಿತು. ಬ್ರೆಜಿಲ್ ನಡೆದ ಹಾದಿ ಹೀಗೆ ಮುಚ್ಚಿದ ಮೇಲೆ, ಬಲಿಷ್ಠರು ಏಕಪಕ್ಷೀಯವಾಗಿ ಸುಂಕ ಹೇರುವ ಕಾಲ ಬಂದಿರುವುದು ಆಕಸ್ಮಿಕವಲ್ಲ.

ಮೂಲ ಕೇಳುವ ಖರೀದಿದಾರರು

ದರಕ್ಕೆ ಸಂಬಂಧಿಸದ ಕಾನೂನುಗಳೂ ಈಗ ಹತ್ತಿಯನ್ನು ಹಿಂಬಾಲಿಸುತ್ತಿವೆ. ಚೀನಾದ ಶಿನ್‌ಜಿಯಾಂಗ್ ಪ್ರಾಂತ್ಯದ ಯಾವುದೇ ಸರಕು ಬಲವಂತದ ದುಡಿಮೆಯ ಫಲವೆಂದೇ ಭಾವಿಸಿ ತಡೆಯುವ ಅಮೆರಿಕದ ಕಾನೂನು 2022ರ ಜೂನ್‌ನಿಂದ ಜಾರಿಗೆ ಬಂತು. 2023ರಿಂದ ಜರ್ಮನಿಯ ಕಾನೂನು ಅಲ್ಲಿನ ದೊಡ್ಡ ಕಂಪೆನಿಗಳ ಮೇಲೆ ತಮ್ಮ ಪೂರೈಕೆ ಸರಪಳಿಯ ಹೊಣೆ ಹೊರಿಸಿತು. ಪರಿಣಾಮವಾಗಿ, ಅಂಗಿ ಕೊಳ್ಳುವ ವಿದೇಶಿ ಕಂಪೆನಿ ಹತ್ತಿ ಎಲ್ಲಿಯದು, ಯಾರು ಬಿಡಿಸಿದರು ಎಂದು ಕೇಳತೊಡಗಿದೆ. ಹಲವು ಹೊಲಗಳ ಹತ್ತಿ ಒಂದೇ ರಾಶಿಯಾಗುವ ಜಿನ್ನಿಂಗ್ ಮಿಲ್ಲಿನಲ್ಲಿಯೇ ಈ ಜಾಡು ತಪ್ಪುತ್ತದೆ. ಭಾರತದ ಹತ್ತಿಗೆ ‘ಕಸ್ತೂರಿ’ ಎಂಬ ಹೆಸರು ಕೊಟ್ಟು ಬೇಲ್ ಬೇಲ್‌ಗೂ ಗುರುತು ನೀಡುವ ಯೋಜನೆ ಆರಂಭವಾಗಿದೆ. ಬೇಲ್‌ಗಳಿಗೆ ಗುಣಮಟ್ಟ ಕಡ್ಡಾಯಗೊಳಿಸುವ 2023ರ ಆದೇಶದ ಜಾರಿಯನ್ನು ಮಿಲ್ಲುಗಳ ಸಿದ್ಧತೆ ಸಾಲದೆಂಬ ಕಾರಣಕ್ಕೆ ಒಂದಕ್ಕಿಂತ ಹೆಚ್ಚು ಬಾರಿ ಮುಂದೂಡಲಾಯಿತು.

ಇಲ್ಲಿ ನಾವು ಮುಖ ತಿರುಗಿಸಲಾಗದ ಒಂದು ಸತ್ಯವಿದೆ. ಹತ್ತಿ ಬಿಡಿಸುವ ಹಂಗಾಮಿನಲ್ಲಿ ಮಕ್ಕಳು ಶಾಲೆ ಬಿಟ್ಟು ಹೊಲಕ್ಕೆ ಹೋಗುವುದು ಈ ಭಾಗದ ಹಳೆಯ ಸಂಕಟ. ಬಾಲಕಾರ್ಮಿಕರ ದುಡಿಮೆಯಿಂದ ತಯಾರಾಗುವ ವಸ್ತುಗಳೆಂದು ಅಮೆರಿಕದ ಕಾರ್ಮಿಕ ಇಲಾಖೆ ಪ್ರಕಟಿಸುವ ಪಟ್ಟಿಯಲ್ಲಿ ಭಾರತದ ಹೈಬ್ರಿಡ್ ಹತ್ತಿಬೀಜವೂ ಸೇರಿದೆ. ವಿದೇಶಿಯರು ಕೇಳುತ್ತಾರೆಂದಲ್ಲ, 14 ವರ್ಷದೊಳಗಿನ ಮಕ್ಕಳ ದುಡಿಮೆಯನ್ನು ನಮ್ಮದೇ 2016ರ ತಿದ್ದುಪಡಿ ಕಾಯ್ದೆ ನಿಷೇಧಿಸಿದೆ ಎಂಬ ಕಾರಣಕ್ಕಾಗಿಯೇ ಇದು ನಿಲ್ಲಬೇಕು. ಬೆಳೆಗೆ ತಕ್ಕ ಬೆಲೆ ಬಾರದೆ ದೊಡ್ಡವರಿಗೆ ಕೂಲಿ ಕೊಡಲಾಗದ ಸ್ಥಿತಿ ಮುಂದುವರಿದಷ್ಟೂ ಅದನ್ನು ನಿಲ್ಲಿಸುವುದು ದುಸ್ತರ ಎಂಬುದೂ ಅಷ್ಟೇ ಸತ್ಯ.

ಆಗಬೇಕಾದ್ದೇನು?

ಮೊದಲನೆಯದಾಗಿ, ಹತ್ತಿಯ ಆಮದು ಸುಂಕವನ್ನು ಬೆಂಬಲ ಬೆಲೆಯ ಜೊತೆಗೆ, ಬಿತ್ತನೆಗೆ ಮೊದಲೇ ಇಡೀ ಹಂಗಾಮಿಗೆ ಘೋಷಿಸಬೇಕು. 2025ರಲ್ಲಿ ಬೆಂಬಲ ಬೆಲೆ ಮೇ 28ರಂದೇ ಪ್ರಕಟವಾಗಿತ್ತು. ಸುಂಕದ ನಿರ್ಧಾರ ಬಂದದ್ದು ಆಗಸ್ಟ್‌ನಲ್ಲಿ. ತುರ್ತು ಇಳಿಕೆ ಅನಿವಾರ್ಯವಾದರೆ, ದೇಶದೊಳಗಿನ ದರ ಬೆಂಬಲ ಬೆಲೆಗಿಂತ ಇಂತಿಷ್ಟು ಮೇಲಿದ್ದಾಗ ಮಾತ್ರ ಎಂಬ ಸ್ಪಷ್ಟ ಸೂತ್ರವಿರಲಿ. ದರ ಬೆಂಬಲ ಬೆಲೆಗಿಂತ ಕೆಳಗಿರುವಾಗ ಆಮದಿನ ಬಾಗಿಲು ತೆರೆಯುವುದಕ್ಕೆ ಯಾವ ಸಮರ್ಥನೆಯೂ ಇಲ್ಲ. ಉಡುಪು ಉದ್ಯಮಕ್ಕೆ ನೆರವು ಬೇಕಾದರೆ ಬಡ್ಡಿ ರಿಯಾಯಿತಿ, ರಫ್ತು ತೆರಿಗೆ ಮರುಪಾವತಿಯಂಥ ದಾರಿಗಳು ಸರ್ಕಾರದ ಬಳಿ ಇವೆ.

ಎರಡನೆಯದಾಗಿ, ಪಾಲಿಗೆ, ಗುತ್ತಿಗೆಗೆ ಮಾಡುವ ರೈತರನ್ನು ಬೆಳೆ ಸಮೀಕ್ಷೆಯ ಆಧಾರದ ಮೇಲೆ ಖರೀದಿ ಕೇಂದ್ರಕ್ಕೆ ಸೇರಿಸಿಕೊಳ್ಳುವ ವ್ಯವಸ್ಥೆಯನ್ನು ರಾಜ್ಯ ಸರ್ಕಾರ ಮಾಡಬೇಕು. ನೋಂದಣಿಯನ್ನು ಮೊಬೈಲಿಗಷ್ಟೇ ಬಿಡದೆ ರೈತ ಸಂಪರ್ಕ ಕೇಂದ್ರಗಳಲ್ಲಿಯೂ ಮಾಡಿಸಬೇಕು. ಮೂರನೆಯದಾಗಿ, ಅರಳೆಯ ಗುಣಮಟ್ಟ ಪರೀಕ್ಷೆಗೆ ಶಹಾಪುರದಲ್ಲಿ ಎಲ್ಲ ಮಿಲ್ಲುಗಳಿಗೂ ಎಟುಕುವ ಸಾಮೂಹಿಕ ಪ್ರಯೋಗಾಲಯ ಬೇಕು. ಇಲ್ಲದಿದ್ದರೆ ಮೂಲ ಕೇಳುವ ಕಾಲದಲ್ಲಿ ಇಲ್ಲಿನ ಸಣ್ಣ ಮಿಲ್ಲುಗಳು ಬಾಗಿಲು ಹಾಕಬೇಕಾದೀತು.

ವ್ಯಾಪಾರ ಮಾತುಕತೆಗಳಲ್ಲಿ ಉದ್ಯಮ ಸಂಘಗಳ ದನಿ ದೆಹಲಿಗೆ ಕೇಳಿಸುತ್ತದೆ. ಯಾದಗಿರಿಯ ಬೆಳೆಗಾರನ ದನಿ ಕಲಬುರಗಿ ದಾಟುವುದೂ ಕಷ್ಟ. ಅದನ್ನು ಅಲ್ಲಿಗೆ ತಲುಪಿಸುವುದು ಅವನ ಮತ ಪಡೆದವರ ಕರ್ತವ್ಯ. ಆಂಧ್ರ 2006ರಲ್ಲಿ ಮಾಡಿದ ಕೆಲಸವನ್ನು ಕರ್ನಾಟಕ ಇಂದು ಮಾಡಲಾರದೇಕೆ?