ಚಲಚ್ಚಿತ್ರಗಳೂ ನಮ್ಮ ವಿಶ್ವಾಸವೂ

ಕ್ರೈಸ್ತ ಕುಟುಂಬಗಳಲ್ಲಿ ಸಿನೆಮಾ ಎಂಬ ಮಾತಿಗೆ ಬಹುಕಾಲ ಒಳ್ಳೆಯ ಹೆಸರಿರಲಿಲ್ಲ. ಅನೇಕ ಹಿರಿಯರು ಅದನ್ನು ಕಾಲಹರಣವೆಂದೂ ಚಿತ್ತಚಾಂಚಲ್ಯಕ್ಕೆ ಕಾರಣವೆಂದೂ ಎಣಿಸಿ, ಮಕ್ಕಳನ್ನು, ಅದರಲ್ಲಿಯೂ ಹೆಣ್ಣುಮಕ್ಕಳನ್ನು, ಅದರಿಂದ ದೂರವಿರಿಸಿದರು. ಈಗ ಕೆಲವರು ಇದಕ್ಕೆ ತೀರ ಬೇರೆಯಾದ ಮಾತನ್ನು ಆಡುತ್ತಿರುವರು. ಜನರು ಮೆಚ್ಚಿದ ಚಿತ್ರಗಳನ್ನು ಕೂಡಿ ನೋಡಿ, ಅವುಗಳ ಮೂಲಕ ಕ್ರೈಸ್ತ ವಿಶ್ವಾಸದ ವಿಷಯವಾಗಿ ಸಂಭಾಷಣೆಯನ್ನು ಆರಂಭಿಸಬಹುದೆಂಬುದು ಅವರ ಮತ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಇಂದು ತಾಯಂದಿರು, ಉಪಾಧ್ಯಾಯಿನಿಯರು, ಸಂಡೇ ಸ್ಕೂಲಿನಲ್ಲಿ ಕಲಿಸುವವರು. ಅವರೊಳಗೆ ನಾನಾ ಮತದವರೂ ಇರುವರು. ಆದುದರಿಂದ ಈ ಸಂಚಿಕೆಯಲ್ಲಿ ಆ ವಿಷಯವನ್ನು ಪರ್ಯಾಲೋಚಿಸುವುದು ಉಚಿತವೆಂದು ತಿಳಿದಿರುವೆವು. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವೆವು: ಚಿತ್ರವು ಮಾತಿಗೆ ಬಾಗಿಲಾಗಬಹುದು, ಆದರೆ ಎಂದಿಗೂ ಗಾಳವಾಗಬಾರದು.

ಕಥೆಯ ಮೂಲಕ ಮನಸ್ಸನ್ನು ಎಚ್ಚರಗೊಳಿಸುವ ಪದ್ಧತಿ ಹೊಸದಲ್ಲ. ದಾವೀದನು ಊರೀಯನಿಗೆ ಅನ್ಯಾಯಮಾಡಿದಾಗ ಪ್ರವಾದಿಯಾದ ನಾತಾನನು ಒಮ್ಮೆಲೇ ಖಂಡನೆಗೆ ತೊಡಗದೆ, ಬಡವನ ಒಂದೇ ಒಂದು ಕುರಿಮರಿಯನ್ನು ಐಶ್ವರ್ಯವಂತನು ಕಿತ್ತುಕೊಂಡ ಕಥೆಯನ್ನು ಹೇಳಿದನು; ತೀರ್ಪನ್ನು ಅರಸನೇ ತನ್ನ ಬಾಯಿಂದ ನುಡಿದನು. ಕರ್ತನಾದ ಯೇಸುವು ಒಳ್ಳೆಯ ಸಮಾರ್ಯದವನ ಸಾಮ್ಯವನ್ನು ಹೇಳಿದ ಮೇಲೆ, ಆ ಮೂವರಲ್ಲಿ ನೆರೆಯವನಾದವನು ಯಾರೆಂದು ಕೇಳಿ, ಉತ್ತರವನ್ನು ಧರ್ಮೋಪದೇಶಕನ ಬಾಯಿಂದಲೇ ಬರಿಸಿದನು. ಪೌಲನು ಅಥೇನೆ ಪಟ್ಟಣದಲ್ಲಿ ಮಾತನಾಡುವಾಗ ಆ ಊರಿನವರು ಕಟ್ಟಿದ್ದ ಬಲಿಪೀಠವನ್ನೂ ಅವರ ಕವಿಗಳ ಮಾತನ್ನೂ ಆಧಾರವಾಗಿ ತೆಗೆದುಕೊಂಡನು. ಕೇಳಿದವರಲ್ಲಿ ಕೆಲವರು ಹಾಸ್ಯಮಾಡಿದರು, ಕೆಲವರು ಮತ್ತೊಮ್ಮೆ ಕೇಳುವೆವೆಂದರು, ಕೆಲವರು ನಂಬಿದರು. ಪೌಲನು ಯಾರನ್ನೂ ತಡೆದು ನಿಲ್ಲಿಸಲಿಲ್ಲವೆಂಬುದು ಗಮನಿಸತಕ್ಕ ಸಂಗತಿ.

ನಮ್ಮ ದೇಶದ ಚಲಚ್ಚಿತ್ರದ ಚರಿತ್ರೆಯಲ್ಲಿಯೇ ಇದಕ್ಕೊಂದು ಉತ್ತಮ ನಿದರ್ಶನವಿದೆ. ದಾದಾಸಾಹೇಬ ಫಾಲ್ಕೆಯವರು 1910ರ ಸುಮಾರಿಗೆ ಮುಂಬಯಿಯ ಒಂದು ಚಿತ್ರಮಂದಿರದಲ್ಲಿ ಕ್ರಿಸ್ತನ ಜೀವನವನ್ನು ಕುರಿತ ಮೂಕಚಿತ್ರವನ್ನು ನೋಡಿದರು. ಆ ದೃಶ್ಯಗಳು ಕಣ್ಣ ಮುಂದೆ ಸಾಗುತ್ತಿದ್ದಾಗ ತಮ್ಮ ಮನಸ್ಸಿನಲ್ಲಿ ಶ್ರೀಕೃಷ್ಣ, ಶ್ರೀರಾಮರ ಮೂರ್ತಿಗಳು ಮೂಡಿದುವೆಂದು ಅವರೇ ಮುಂದೆ ಬರೆದಿರುವರು. ಆ ಪ್ರೇರಣೆಯಿಂದಲೇ 1913ರಲ್ಲಿ ‘ರಾಜಾ ಹರಿಶ್ಚಂದ್ರ’ ಹೊರಬಂದಿತು. ಇದರಿಂದ ನಾವು ಕಲಿಯತಕ್ಕದ್ದೇನು? ಪರದೆಯ ಮೇಲೆ ಒಂದನ್ನು ತೋರಿಸಬಹುದು. ನೋಡುವವರ ಹೃದಯವು ಕಾಣುವುದು ಅದನ್ನೇ ಎಂದು ಹೇಳಲಾಗದು. ಆದುದರಿಂದ ಚಿತ್ರವು ಮುಗಿದೊಡನೆ ನಮ್ಮ ಮೊದಲ ಕೆಲಸ ಹೇಳುವುದಲ್ಲ, ಕೇಳುವುದು. ನೋಡಿದವರು ಏನನ್ನು ಕಂಡರೆಂದು ತಿಳಿಯದೆ ಆರಂಭಿಸಿದ ಮಾತು ಗೋಡೆಯೊಡನೆ ಆಡಿದ ಮಾತಾಗುವುದು.

ಕ್ರಿಸ್ತನ ಚರಿತ್ರೆಯನ್ನೇ ವಸ್ತುವಾಗಿ ಉಳ್ಳ ಚಿತ್ರಗಳು ಬೇಕಾದಷ್ಟಿವೆ. 1978ರಲ್ಲಿ ತೆಲುಗಿನಲ್ಲಿ ಬಂದ ‘ಕರುಣಾಮಯುಡು’ ಭಾರತದ ಹಲವು ಭಾಷೆಗಳಲ್ಲಿ ಹಳ್ಳಿಹಳ್ಳಿಗೂ ಸಂಚರಿಸಿತು. 1979ರ ಇಂಗ್ಲಿಷ್ ಚಿತ್ರ ‘ಜೀಸಸ್’ ಲೂಕನ ಸುವಾರ್ತೆಯನ್ನು ಅನುಸರಿಸಿದುದು; ಅದು ಎರಡು ಸಾವಿರಕ್ಕೂ ಹೆಚ್ಚು ಭಾಷೆಗಳಲ್ಲಿ ಸಿದ್ಧವಾಗಿದೆ. ಇವುಗಳನ್ನು ನೋಡಲು ಬರುವವರಿಗೆ ತಾವು ಏನನ್ನು ನೋಡಲು ಬಂದೆವೆಂಬುದು ತಿಳಿದಿರುವುದು. ವಿಚಾರ ಬೇಕಾಗಿರುವುದು ಜನಪ್ರಿಯವಾದ ಇತರ ಚಿತ್ರಗಳ ವಿಷಯದಲ್ಲಿ.

1972ರ ‘ಬಂಗಾರದ ಮನುಷ್ಯ’ವನ್ನು ತೆಗೆದುಕೊಳ್ಳೋಣ. ತ. ರಾ. ಸು. ಅವರಂತೆಯೇ ಮನೆಮಾತಾಗಿದ್ದ ಟಿ. ಕೆ. ರಾಮರಾಯರ ಕಾದಂಬರಿಯನ್ನು ಆಧರಿಸಿದ ಈ ಚಿತ್ರವನ್ನು ನೋಡದ ಕನ್ನಡಿಗರು ವಿರಳ. ಅಕ್ಕನ ಸಂಸಾರವು ಆಧಾರವಿಲ್ಲದೆ ನಿಂತಾಗ ರಾಜೀವನು ಅದರ ಭಾರವನ್ನು ಹೊತ್ತು, ಬರಡು ಭೂಮಿಯನ್ನು ಹಸನುಮಾಡಿ, ಎಲ್ಲರನ್ನೂ ಮೇಲಕ್ಕೆ ತರುವನು. ಕೊನೆಗೆ ತಾನು ಬೆಳೆಸಿದ ಸೋದರಳಿಯನಿಂದಲೇ ಅವಮಾನಿತನಾಗಿ ಮೌನವಾಗಿ ಮನೆಬಿಟ್ಟು ಹೊರಡುವನು. ತಪ್ಪಿಹೋದ ಮಗನ ಸಾಮ್ಯದಲ್ಲಿ ಮಗನು ಮನೆಯನ್ನು ಬಿಡುವನು, ತಂದೆಯು ಕಾದಿರುವನು. ಇಲ್ಲಿಯಾದರೋ ಉಪಕಾರ ಮಾಡಿದವನೇ ಹೊರಡುವನು, ಉಪಕಾರ ಹೊಂದಿದವರು ಉಳಿಯುವರು. ಹೀಗೆ ಉಳಿದವರ ಗತಿ ಏನು? ಪ್ರೀತಿಸಿದವನು ಅಪಮಾನವನ್ನು ಕಂಡು ಹೊರಟುಹೋಗಬೇಕೋ, ಇದ್ದು ಸಹಿಸಬೇಕೋ? ಕೃತಘ್ನನಿಗೆ ಕ್ಷಮೆಯುಂಟೋ? ಈ ಪ್ರಶ್ನೆಗಳಿಗೆ ಯಾವ ಮತದ ಹುಡುಗಿಯಾದರೂ ತನ್ನ ಮನೆಯ ಅನುಭವದಿಂದಲೇ ಉತ್ತರ ಕೊಡಬಲ್ಲಳು. ಆಕೆಯು ಹೇಳಿದ ಮೇಲೆ, ತಿರಸ್ಕರಿಸಿದವರನ್ನು ಶಿಲುಬೆಯ ಮೇಲಿನಿಂದ ಕ್ಷಮಿಸಿದಾತನನ್ನು ನಾವು ಏಕೆ ನಂಬುವೆವೆಂದು ಹೇಳಲು ನಮಗೆ ಅವಕಾಶವುಂಟು. ಆದರೆ ರಾಜೀವನಿಗೆ ಬಲಾತ್ಕಾರದಿಂದ ಕ್ರಿಸ್ತನ ಉಡುಪನ್ನು ತೊಡಿಸುವುದು ಸಲ್ಲದು. ಅದು ಕಥೆಗೂ ಅನ್ಯಾಯ, ಸುವಾರ್ತೆಗೂ ಅನ್ಯಾಯ.

ಇನ್ನೊಂದು ಕಥೆ ವಿಕ್ಟರ್ ಹ್ಯೂಗೋ 1862ರಲ್ಲಿ ಪ್ರಕಟಿಸಿದ ‘ಲೆ ಮಿಜರಾಬ್ಲ್’. 1950ರಲ್ಲಿ ತಮಿಳಿನಲ್ಲಿ ‘ಏಳೈ ಪಡುಂ ಪಾಡು’ ಎಂಬ ಹೆಸರಿನಿಂದಲೂ 2012ರಲ್ಲಿ ಇಂಗ್ಲಿಷಿನಲ್ಲಿ ಸಂಗೀತಚಿತ್ರವಾಗಿಯೂ ಇದು ತೆರೆಗೆ ಬಂದಿತು. ಮೂಲಕಥೆಯಲ್ಲಿ, ಆಶ್ರಯಕೊಟ್ಟ ಬಿಷಪರ ಬೆಳ್ಳಿಯ ಸಾಮಾನನ್ನು ಕದ್ದು ಸಿಕ್ಕಿಬಿದ್ದ ಜಾನ್ ವಾಲ್ಜಾನನಿಗೆ ಬಿಷಪರು ದೀಪಸ್ತಂಭಗಳನ್ನೂ ಕೊಟ್ಟು ಕಳುಹಿಸುವರು. ಅವನನ್ನು ಜೀವಮಾನವೆಲ್ಲ ಬೆನ್ನಟ್ಟುವ ಅಧಿಕಾರಿ ಝಾವೇರನು ಕೆಟ್ಟವನಲ್ಲ, ನಿಯಮನಿಷ್ಠನು. ಆದರೆ ದಯೆಯನ್ನು ಸ್ವೀಕರಿಸಲಾರದೆ ನಾಶವಾಗುವನು. ಕೃಪೆಯೆಂಬ ಪದವನ್ನು ಪ್ರಸಂಗಪೀಠದಿಂದ ನೂರು ಸಲ ಕೇಳಿದ ನಮ್ಮ ಕ್ರೈಸ್ತ ಮಕ್ಕಳೂ ಅದರ ಬೆಲೆಯನ್ನು ಇಲ್ಲಿ ಹೊಸದಾಗಿ ಕಂಡುಕೊಳ್ಳಬಹುದು. ಸಂಭಾಷಣೆಯ ಅಗತ್ಯವು ಅನ್ಯಮತದವರಿಗಿಂತ ನಮ್ಮವರಿಗೇ ಹೆಚ್ಚಾಗಿದೆಯೆಂದು ನಮಗೆ ಎಷ್ಟೋ ವೇಳೆ ತೋರುವುದು.

ಈಗ ಮುಖ್ಯವಾದ ಮಾತಿಗೆ ಬರುವೆವು. ಮನರಂಜನೆಯೆಂದು ಕರೆದು, ಬಾಗಿಲು ಮುಚ್ಚಿದ ಮೇಲೆ ಉಪದೇಶವನ್ನು ಆರಂಭಿಸುವುದು ವಂಚನೆ. ಮಿಶನ್ ಶಾಲೆಗಳಿಗೆ ಬೇರೆ ಮತದ ತಾಯಿತಂದೆಗಳು ತಮ್ಮ ಹೆಣ್ಣುಮಕ್ಕಳನ್ನು ತಲೆಮಾರುಗಳಿಂದ ಕಳುಹಿಸುತ್ತಿರುವುದು ನಂಬಿಕೆಯ ಮೇಲೆ. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ 28ನೆಯ ಅನುಚ್ಛೇದವೂ, ಸರಕಾರದ ಮಾನ್ಯತೆಯನ್ನಾಗಲಿ ಧನಸಹಾಯವನ್ನಾಗಲಿ ಪಡೆದ ಶಾಲೆಯಲ್ಲಿ, ಅಪ್ರಾಪ್ತ ವಯಸ್ಸಿನ ವಿದ್ಯಾರ್ಥಿಯನ್ನು ಪೋಷಕರ ಸಮ್ಮತಿಯಿಲ್ಲದೆ ಧರ್ಮಬೋಧೆಗೆ ಕೂಡಿಸಬಾರದೆಂದು ವಿಧಿಸಿದೆ. ಕಾನೂನು ಹಾಗೆ ಹೇಳದಿದ್ದರೂ ನಮಗೆ ಅದೇ ಧರ್ಮ. ಸತ್ಯವನ್ನು ಸಾರಬೇಕಾದವರು ಸುಳ್ಳಿನ ಕರೆಯೋಲೆಯಿಂದ ಜನರನ್ನು ಕೂಡಿಸಬಹುದೇ? ಆದಕಾರಣ ಚಿತ್ರವಾದ ಮೇಲೆ ವಿಶ್ವಾಸದ ವಿಷಯವಾಗಿ ಮಾತು ನಡೆಯುವುದೆಂದು ಆಹ್ವಾನದಲ್ಲಿಯೇ ಸ್ಪಷ್ಟವಾಗಿ ಬರೆಯಬೇಕು. ಬಾರದವರ ಮೇಲೆ, ನಡುವೆ ಎದ್ದುಹೋದವರ ಮೇಲೆ ಲೇಶವಾದರೂ ಅಸಮಾಧಾನ ಸಲ್ಲದು.

ಬರಿಯ ಪ್ರಶ್ನೆಗಳನ್ನು ಕೇಳುತ್ತ ಕುಳಿತರೆ ಸಾಕ್ಷಿಯೆಲ್ಲಿ ಉಳಿಯಿತೆಂದು ಕೆಲವರು ಆಕ್ಷೇಪಿಸಬಹುದು. ಆಕ್ಷೇಪಣೆಯಲ್ಲಿ ಹುರುಳಿದೆ. ನಮ್ಮ ನಂಬಿಕೆಯನ್ನು ನಾಚಿಕೊಂಡು ಅಡಗಿಸಬೇಕೆಂದು ನಾವು ಹೇಳುತ್ತಿಲ್ಲ. ನಮ್ಮ ಸರದಿ ಬಂದಾಗ, ಇದು ನಾವು ನಂಬಿರುವುದು, ಇದರಿಂದ ನಮ್ಮ ಜೀವನಕ್ಕೆ ಆದ ಪ್ರಯೋಜನ ಇದು ಎಂದು ಸರಳವಾಗಿ ಹೇಳೋಣ. ಹಾಗೆಯೇ ನೆರೆಯವರ ಮಾತನ್ನೂ ಪೂರ್ತಿಯಾಗಿ ಕೇಳೋಣ. ಕೇಳಿಸಿಕೊಂಡವರ ಮಾತಿಗೆ ಕಿವಿಗೊಡುವುದು ಮನುಷ್ಯಸ್ವಭಾವ.

ಕಡೆಯದಾಗಿ ತಾಯಿತಂದೆಗಳಿಗೆ ಒಂದು ವಿಜ್ಞಾಪನೆ. ಹಿಂದೆ ಟೆಂಟ್ ಸಿನೆಮಾಕ್ಕೆ ಮನೆಮಂದಿಯೆಲ್ಲ ಕೂಡಿ ಹೋಗಿ, ಹಿಂದಿರುಗುವ ದಾರಿಯುದ್ದಕ್ಕೂ ಕಥೆಯನ್ನು ಚರ್ಚಿಸುತ್ತಿದ್ದರು. ಈಗ ಮಗಳು ತನ್ನ ಮೊಬೈಲಿನಲ್ಲಿ ಒಬ್ಬಳೇ ನೋಡುವಳು. ಅವಳು ಏನನ್ನು ಕಂಡು ಅತ್ತಳು, ಏನನ್ನು ಕಂಡು ಹೆದರಿದಳು ಎಂಬುದು ಪಕ್ಕದ ಕೋಣೆಯಲ್ಲಿರುವ ತಾಯಿಗೂ ತಿಳಿಯದು. ಗದರಿಸಿ ನಿಲ್ಲಿಸಿದ ಮಾತ್ರಕ್ಕೆ ಈ ದೂರವು ಕಡಿಮೆಯಾಗದು. ವಾರಕ್ಕೊಮ್ಮೆಯಾದರೂ ವಯಸ್ಸಿಗೆ ತಕ್ಕ ಒಂದು ಚಿತ್ರವನ್ನು ಅವಳೊಡನೆ ಕುಳಿತು ನೋಡಿರಿ. ಊಟಕ್ಕೆ ಕುಳಿತಾಗ, ಅದರಲ್ಲಿ ಯಾರು ಮಾಡಿದುದು ನಿನಗೆ ಸರಿಯೆನಿಸಿತು, ಏಕೆ ಎಂದು ಕೇಳಿರಿ. ಉತ್ತರವು ನಿಮಗೆ ಒಪ್ಪಿಗೆಯಾಗದಿದ್ದರೂ ಮಧ್ಯೆ ಬಾಯಿಹಾಕಬೇಡಿರಿ. ದೇವರ ವಿಷಯವಾದ ಮಾತು ಆ ದಿನವೇ ಬಾರದಿರಬಹುದು. ತನ್ನ ಮಾತಿಗೆ ಮನೆಯಲ್ಲಿ ಬೆಲೆಯಿದೆಯೆಂದು ತಿಳಿದ ಮಗಳು, ಬರುವ ಕಷ್ಟಕಾಲದಲ್ಲಿ ಆ ಪ್ರಶ್ನೆಯನ್ನೂ ನಿಮ್ಮಲ್ಲಿಗೇ ತರುವಳು. ಆಗ ಉತ್ತರಕೊಡುವ ಜ್ಞಾನವನ್ನೂ ತಾಳ್ಮೆಯನ್ನೂ ದೇವರು ನಮಗೆಲ್ಲರಿಗೂ ಅನುಗ್ರಹಿಸಲಿ.